ಕೋಡಿ ಬೀಳುವ ಜಾಗದಲ್ಲಿ ನಾನು ಎಳೆದ ಗೆರೆ

"ಮೇಡಂ, 2+850 ಹತ್ತಿರ ಒಬ್ಬರು ಅಜ್ಜ ರಸ್ತೆ ಗುರುತಿನ ಪೆಗ್ ನೆಡೋಕೆ ಬಿಡ್ತಾ ಇಲ್ಲ."

2021ರ ಅಕ್ಟೋಬರ್. 2+850 ಅಂದರೆ ರಸ್ತೆ ಶುರುವಾಗುವ ಕಡೆಯಿಂದ 2 ಕಿಲೋಮೀಟರ್ 850 ಮೀಟರ್. ಸರ್ವೆಯರ್ ಫೋನ್ ಮಾಡಿದಾಗ ನಾನು ಬೇರೆ ಪ್ರಾಜೆಕ್ಟಿನ ಬಿಲ್ ಹಿಡಿದು ಕೂತಿದ್ದೆ. ಜಮೀನಿನ ತಕರಾರಾ ಅಂತ ಕೇಳಿದೆ.

"ಇಲ್ಲ ಮೇಡಂ, ಇದು ಖರಾಬು ಜಾಗ. ಅಜ್ಜ ಈ ಕೆರೆಯ ನೀರುಗಂಟಿ ಅಂತೆ, ಗದ್ದೆಗೆ ನೀರು ಬಿಡೋರು. ಕೆರೆ ತುಂಬಿ ಕೋಡಿ ಬಿದ್ರೆ ಇಲ್ಲೆಲ್ಲ ನೀರು ಬರ್ತದೆ, ಇಲ್ಲಿ ರೋಡ್ ಹಾಕ್ಬೇಡಿ ಅಂತಾರೆ. ನೀವೇ ಒಂದ್ಸಲ ಮಾತಾಡ್ತೀರಾ?"

"ಕೊನೇ ಸಲ ಕೋಡಿ ಬಿದ್ದಿದ್ದು ಯಾವಾಗಂತೆ?"

ಅವನು ಕೇಳಿ ಹೇಳಿದ. "ಹದಿನಾರು ವರ್ಷ ಆಯ್ತಂತೆ."

"ಅಲ್ಲಿ ಕಲ್ವರ್ಟ್ ಕೊಟ್ಟಿದ್ದೀವಿ ಅಂತ ಹೇಳಿ. ಲೆವೆಲ್ ತಗೊಂಡು ಮುಂದೆ ಹೋಗಿ."

ಅಷ್ಟೇ ಮಾತು. ಎರಡು ನಿಮಿಷವೂ ಆಗಿರಲಿಲ್ಲ. ಅಜ್ಜನ ಜೊತೆ ನಾನು ಮಾತಾಡಲಿಲ್ಲ. ಹನ್ನೆರಡು ವರ್ಷದಿಂದ ರಸ್ತೆ ಡಿಸೈನ್ ಮಾಡುತ್ತಿದ್ದೇನೆ. ನನ್ನ ಕೆಲಸದಲ್ಲಿ ವಾಪಸ್ ತಗೊಳ್ಳಬೇಕು ಅನ್ನಿಸುವ ಮಾತು ಒಂದಿದ್ದರೆ ಅದು ಆ "ಮುಂದೆ ಹೋಗಿ".

ನಮ್ಮದು ರಸ್ತೆಗಳ ಡಿಪಿಆರ್, ಅಂದರೆ ವಿವರವಾದ ಯೋಜನಾ ವರದಿ, ಮಾಡುವ ಕನ್ಸಲ್ಟೆನ್ಸಿ. ಬಯಲುಸೀಮೆಯ ಒಂದು ಜಿಲ್ಲಾ ಕೇಂದ್ರ. ರಾಜ್ಯ ಹೆದ್ದಾರಿಯಿಂದ ಬೈಪಾಸ್‌ಗೆ ಹೋಗುವ ಲಾರಿಗಳೆಲ್ಲ ಸಂತೆ ಬೀದಿಯ ಒಳಗೇ ನುಗ್ಗುತ್ತಿದ್ದವು. ಅದನ್ನು ತಪ್ಪಿಸಲು ಊರ ಹೊರಗೆ 30 ಮೀಟರ್ ಅಗಲದ ಹೊಸ ಲಿಂಕ್ ರಸ್ತೆ ಬೇಕಿತ್ತು. ಅದರ ಅಲೈನ್‌ಮೆಂಟ್, ಅಂದರೆ ರಸ್ತೆ ಎಲ್ಲೆಲ್ಲಿ ಹಾದುಹೋಗಬೇಕು ಅನ್ನುವ ಗೆರೆ, ನನ್ನ ಪಾಲಿಗೆ ಬಂತು.

ಮಾರ್ಚ್‌ನಲ್ಲಿ ಕೂತು ಮೂರು ಆಪ್ಶನ್ ಎಳೆದೆ. ಆಪ್ಶನ್ 1 ಈಗಿರುವ ದಾರಿಯನ್ನೇ ಅಗಲ ಮಾಡುವುದು. ಎರಡು ಲೇಔಟ್ ನಡುವೆ ಹಾದು ಹೋಗುತ್ತಿತ್ತು, ತುಂಬ ಮನೆಗಳು ಒಡೆಯಬೇಕು. ಅದು ಆಗದ ಮಾತು ಅಂತ ಎಲ್ಲರಿಗೂ ಗೊತ್ತಿತ್ತು. ಆಪ್ಶನ್ 2 ಊರ ಪಕ್ಕದ ಹಳ್ಳಿಯ ಕೆರೆ ಏರಿಯ ಕೆಳಗೆ, ಹಳ್ಳದ ಪಕ್ಕದಲ್ಲಿ ಸಾಗಿ ಬೈಪಾಸ್ ಸೇರುತ್ತಿತ್ತು. 6.2 ಕಿಲೋಮೀಟರ್. ಆಪ್ಶನ್ 3 ಕೆರೆಯನ್ನು ಬಿಟ್ಟು ದಿಣ್ಣೆ ಹತ್ತಿ, ಗೋಮಾಳ ಮತ್ತು ತೆಂಗಿನ ತೋಟಗಳ ಮೇಲೆ ಬಳಸಿಕೊಂಡು ಬರುತ್ತಿತ್ತು. 7.3 ಕಿಲೋಮೀಟರ್.

ಆಪ್ಶನ್ 2 ನನಗೆ ಮೊದಲ ದಿನವೇ ಹಿಡಿಸಿತು. ಕಾರಣ ಖರಾಬು. 46 ಎಕರೆ ಬೇಕಿದ್ದ ಕಡೆ 19 ಎಕರೆ ಸರ್ಕಾರಿ ಜಾಗವೇ ಸಿಗುತ್ತಿತ್ತು. ದಿಶಾಂಕ್ ಆ್ಯಪ್‌ನಲ್ಲಿ ಒಂದೊಂದೇ ಸರ್ವೆ ನಂಬರ್ ಒತ್ತಿ ನೋಡಿದೆ. ಪಹಣಿ ತೆಗೆಸಿದೆ. ಕಾಲಂ 3ರಲ್ಲಿ 'ಬ' ಖರಾಬು ಕಂಡ ಕಡೆಯೆಲ್ಲ ಗೆರೆಯನ್ನು ಸ್ವಲ್ಪ ಸ್ವಲ್ಪ ಸರಿಸಿ ಅದರ ಮೇಲೇ ಕೂರಿಸಿದೆ. 2013ರ ಕಾಯ್ದೆ ಬಂದಮೇಲೆ ಭೂಸ್ವಾಧೀನ ಅಂದರೆ ಸುಮ್ನೆ ಅಲ್ಲ. ಜಮೀನಿನ ಬೆಲೆ ಕಟ್ಟಿ, ಅದರ ಮೇಲೆ ಅಷ್ಟೇ ಮೊತ್ತದ ಸೊಲೇಷಿಯಂ, ಅಂದರೆ ಹೆಚ್ಚುವರಿ ಪರಿಹಾರ, ಕೊಡಬೇಕು. ರಸ್ತೆ ಕಟ್ಟುವ ದುಡ್ಡಿಗಿಂತ ಜಾಗದ ದುಡ್ಡೇ ಜಾಸ್ತಿ ಆಗುವ ಊರುಗಳಿವೆ. ಹಾಗಾಗಿ ಖರಾಬು ಕಂಡರೆ ನಮ್ಮವರ ಕೈ ಅಲ್ಲಿಗೇ ಹೋಗುತ್ತದೆ. ಅಷ್ಟು ಜಮೀನು ಉಳಿಸಿದೆ ಅಂತ ಆಗ ನನಗೆ ಹೆಮ್ಮೆಯೂ ಆಗಿತ್ತು.

ಆ ಜಾಗ ಯಾಕೆ ಖರಾಬು ಆಯಿತು ಅಂತ ನಾನು ಕೇಳಿಕೊಳ್ಳಲಿಲ್ಲ. 'ಬ' ಖರಾಬು ಅಂದರೆ ದಾರಿ, ಹಳ್ಳ, ಕೆರೆ, ಸ್ಮಶಾನ ಅಂತ ಎಲ್ಲರಿಗೂ ಬೇಕು ಅಂತ ಬಿಟ್ಟ ಜಾಗ. ಉಳಲಿಕ್ಕೆ ಬಾರದ ಜಾಗ ಅಂತ ಹಿಂದಿನವರು ಅದನ್ನು ಬಿಟ್ಟಿದ್ದಲ್ಲ. ಅಲ್ಲಿ ನೀರಿಗೆ ಕೆಲಸ ಇದೆ ಅಂತ ಬಿಟ್ಟಿದ್ದು. ಪಹಣಿಯಲ್ಲಿ ಖಾಲಿ ಕಂಡಿದ್ದನ್ನು ನಾನು ನೆಲದ ಮೇಲೂ ಖಾಲಿ ಅಂದುಕೊಂಡೆ.

ರೆಕ್ಕಿಗೆ ಒಂದು ದಿನ ಕೊಟ್ಟಿದ್ದರು. ಮೂರು ಆಪ್ಶನ್, ಒಟ್ಟು ಹತ್ತೊಂಬತ್ತು ಕಿಲೋಮೀಟರ್, ಒಂದು ಬೊಲೆರೊ. ಬೇಸಿಗೆ. ಕೆರೆ ಅಂಗಳದಲ್ಲಿ ಜಾಲಿ ಬೆಳೆದು, ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಕೋಡಿ ಹಳ್ಳದಲ್ಲಿ ಒಂದು ಹನಿ ನೀರಿಲ್ಲ, ಬರೀ ಮರಳು. ನಾನು ಏರಿ ಮೇಲೆ ನಿಂತು ಹತ್ತಾರು ಫೋಟೋ ತೆಗೆದು ಗಾಡಿ ಹತ್ತಿದೆ. ಕೋಡಿಯವರೆಗೆ ನಡೆಯಲಿಲ್ಲ. ಮೇ ತಿಂಗಳಲ್ಲಿ ಗೆರೆಯ ಉದ್ದಕ್ಕೂ ಒಂದು ಸಲ ನಡೆಯಬೇಕು ಅಂತ ನನ್ನ ಡೈರಿಯಲ್ಲಿ ಬರೆದುಕೊಂಡಿದ್ದೆ. ಏಪ್ರಿಲ್ 27ಕ್ಕೆ ಕೊರೊನಾ ಕರ್ಫ್ಯೂ ಬಂತು. ಅದರ ಮೇಲೆ ತಪ್ಪು ಹಾಕಲು ನನಗೆ ಮನಸ್ಸಿಲ್ಲ. ಜುಲೈನಲ್ಲಿ ಎಲ್ಲ ತೆರೆದಿತ್ತು. ಬಸ್ಸೂ ಇತ್ತು. ನಾನು ಹೋಗಲಿಲ್ಲ.

ಟೂಲ್ ವಿಷಯವನ್ನೂ ಹೇಳಲೇಬೇಕು. ಆಪ್ಶನ್ ನೋಡುವ ಹಂತದಲ್ಲಿ ಟೋಪೋ ಸರ್ವೆಗೆ, ಅಂದರೆ ನೆಲದ ಏರುತಗ್ಗು ಅಳೆಯುವುದಕ್ಕೆ, ದುಡ್ಡು ಕೊಡುವುದಿಲ್ಲ. ಅಲೈನ್‌ಮೆಂಟ್ ಫೈನಲ್ ಆದಮೇಲೆ ಆ ಒಂದೇ ಗೆರೆಗೆ, ಅದರ ಅಕ್ಕಪಕ್ಕದ ಪಟ್ಟಿಗೆ ಮಾತ್ರ ಟೋಪೋ. ಅಂದರೆ ನೆಲದ ಲೆವೆಲ್ ಗೊತ್ತಾಗುವ ಮೊದಲೇ ರಸ್ತೆ ಎಲ್ಲಿ ಅಂತ ತೀರ್ಮಾನ ಆಗಿರುತ್ತದೆ. ಎಲ್1, ಅಂದರೆ ಟೆಂಡರ್‌ನಲ್ಲಿ ಎಲ್ಲರಿಗಿಂತ ಕಡಿಮೆ, ಬಂದ ರೇಟಿನಲ್ಲಿ ಇದಕ್ಕಿಂತ ಜಾಸ್ತಿ ಆಗಲ್ಲ ಅಂತ ಮ್ಯಾನೇಜ್‌ಮೆಂಟ್ ಹೇಳುತ್ತದೆ. ಈ ಮಾತು ಇವತ್ತಿಗೂ ಬದಲಾಗಿಲ್ಲ.

ಹಾಗಾಗಿ ನಾನು ಬಳಸಿದ್ದು ಬಿಟ್ಟಿ ಸಿಗುವ ಎಸ್‌ಆರ್‌ಟಿಎಂ ಡೇಟಾ. 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ತೆಗೆದ ಎತ್ತರಗಳು. 30 ಮೀಟರ್‌ಗೆ ಒಂದು ಚೌಕ, ಎತ್ತರ ಪೂರ್ತಿ ಮೀಟರ್‌ಗಳಲ್ಲಿ ಮಾತ್ರ. ಏರಿಗಿಂತ ಕೋಡಿ ಒಂದು ಮೀಟರ್ ತಗ್ಗಿದ್ದರೂ ಅದರಲ್ಲಿ ಕಾಣುವ ಗ್ಯಾರಂಟಿ ಇಲ್ಲ. ನಮ್ಮ ಕೆರೆಯಲ್ಲಿ ಕಾಣಲಿಲ್ಲ. ಕೆರೆ ತುಂಬಿದರೆ ನೀರು ಏರಿಯ ಬಲತುದಿಯಿಂದ ಇಳಿಯುತ್ತದೆ ಅಂತ ಸಾಫ್ಟ್‌ವೇರ್ ನೀಲಿ ಗೆರೆ ಎಳೆಯಿತು. ನಿಜವಾದ ಕೋಡಿ ಇರುವುದು ಎಡತುದಿಯಲ್ಲಿ. ಬಲತುದಿಯ ಹತ್ತಿರ ನಾನು 8 ಮೀಟರ್ ಸ್ಪ್ಯಾನಿನ ಒಂದು ಸ್ಲ್ಯಾಬ್ ಸೇತುವೆ ಇಟ್ಟೆ. ಎಡಗಡೆ ಕೋಡಿ ಹಳ್ಳಕ್ಕೆ ಸಾಫ್ಟ್‌ವೇರ್ ಲೆಕ್ಕದಲ್ಲಿ ಏರಿ ಕೆಳಗಿನ ನಾಲ್ಕು ಹೊಲದ ನೀರು ಮಾತ್ರ. ಅಲ್ಲಿಗೆ 1200 ಎಂಎಂ ಪೈಪ್ ಎರಡು.

ಕೆರೆಗೆ ಎಷ್ಟು ಹತ್ತಿರ ಅನ್ನುವುದನ್ನೂ ನಾನು ನೋಡಿದ್ದೆ, ತಪ್ಪು ರೀತಿಯಲ್ಲಿ. ಅದಕ್ಕೆ ಮೊದಲು ನಾನು ಬೆಂಗಳೂರಿನ ಕೆಲಸಗಳಲ್ಲಿದ್ದೆ. ಅಲ್ಲಿ ಎಲ್ಲ ಬಫರ್ ಮಾತು. 2016ರಲ್ಲಿ ಹಸಿರು ನ್ಯಾಯಮಂಡಳಿ ಕೆರೆಗೆ 75 ಮೀಟರ್ ಅಂದಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು, ಮತ್ತೆ ಮಾಸ್ಟರ್ ಪ್ಲಾನಿನ 30 ಮೀಟರ್‌ಗೇ ಬಂತು. ವರ್ಷಗಟ್ಟಲೆ ಆ ಸಂಖ್ಯೆಗಳ ಜೊತೆ ಬದುಕಿ ನನ್ನ ತಲೆಯಲ್ಲಿ ಕೆರೆ ಅಂದರೆ ಅಂಚಿನಿಂದ ಇಷ್ಟು ಮೀಟರ್ ಅಂತ ಆಗಿಬಿಟ್ಟಿತ್ತು. ಇಲ್ಲಿ ಏರಿಯ ಬುಡದಿಂದ 40 ಮೀಟರ್ ದೂರ ಇಟ್ಟೆ, ಟಿಕ್ ಹಾಕಿದೆ. ಕೆರೆ ಅಂದರೆ ಅಂಗಳ ಒಂದೇ ಅಲ್ಲ ಅಲ್ವಾ. ಏರಿ, ತೂಬು, ಕೋಡಿ, ಅಚ್ಚುಕಟ್ಟು, ಮೇಲಿನ ಕೆರೆಯಿಂದ ಬರುವ ಹಳ್ಳ, ಕೆಳಗಿನ ಕೆರೆಗೆ ಹೋಗುವ ಹಳ್ಳ ಎಲ್ಲ ಸೇರಿ ಕೆರೆ. ನಮ್ಮ ರಾಜ್ಯದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆ. ಬಯಲುಸೀಮೆಯಲ್ಲಿ ಅವು ಒಂದಕ್ಕೊಂದು ಪೋಣಿಸಿದ ಹಾಗಿವೆ. ಇಲ್ಲಿ ಹೊಸ ರಸ್ತೆ ಎಳೆದರೆ ಎಲ್ಲಾದರೂ ಆ ದಾರವನ್ನು ದಾಟಲೇಬೇಕು.

ಮೂರೂ ಆಪ್ಶನ್‌ಗೆ ಮಾರ್ಕ್ಸ್ ಹಾಕುವ ಎಕ್ಸೆಲ್ ಶೀಟ್ ಹಳೇ ಪ್ರಾಜೆಕ್ಟಿನದು. ಭೂಸ್ವಾಧೀನಕ್ಕೆ 30, ಕಟ್ಟಡಗಳಿಗೆ 20, ನಿರ್ಮಾಣ ವೆಚ್ಚಕ್ಕೆ 20, ಉದ್ದಕ್ಕೆ 15, ಪರಿಸರಕ್ಕೆ 10, ಡ್ರೈನೇಜ್‌ಗೆ 5. ಆಪ್ಶನ್ 2ಕ್ಕೆ 83 ಬಂತು. ಆಪ್ಶನ್ 3ಕ್ಕೆ 65.5. ನಾನು ಬೇಕಂತ ಮಾರ್ಕ್ಸ್ ತಿದ್ದಲಿಲ್ಲ. ಆದರೆ ಆಮೇಲೆ ಒಂದು ರಾತ್ರಿ ಕೂತು ನೋಡಿದಾಗ ಹೊಟ್ಟೆಯಲ್ಲಿ ಒಂಥರಾ ಆಯಿತು. ಡ್ರೈನೇಜ್‌ನಲ್ಲಿ ಆಪ್ಶನ್ 2ಕ್ಕೆ ಪೂರ್ತಿ ಸೊನ್ನೆ ಕೊಟ್ಟಿದ್ದರೂ 79.5 ಬರುತ್ತಿತ್ತು. ಆಗಲೂ ಅದೇ ಗೆಲ್ಲುತ್ತಿತ್ತು. ವರ್ಷಕ್ಕೊಮ್ಮೆ ಕೊಚ್ಚಿಹೋಗುವ ರಸ್ತೆಯೂ ಆ ಶೀಟಿನಲ್ಲಿ ಮೊದಲ ಸ್ಥಾನ ಪಡೆಯುತ್ತದೆ. ನೀರು ಎಲ್ಲಿ ಹರಿಯುತ್ತದೆ ಅನ್ನುವುದಕ್ಕೆ ಮಾರ್ಕ್ಸ್ ಕೊಡಬಾರದು. ಅದು ಪಾಸ್ ಅಥವಾ ಫೇಲ್. ಪಾಸಾದವಕ್ಕೆ ಮಾತ್ರ ಉಳಿದ ಲೆಕ್ಕ.

ಆಗಸ್ಟ್‌ನಲ್ಲಿ ಆಪ್ಶನ್ 2 ಒಪ್ಪಿಗೆ ಆಯಿತು. ಮರುದಿನ ಸ್ಥಳೀಯ ಪತ್ರಿಕೆಯಲ್ಲಿ ನನ್ನ ನಕ್ಷೆಯೇ ಬಂತು.

ನವೆಂಬರ್‌ನಲ್ಲಿ ಮಳೆ ಹಿಡಿಯಿತು. ನೆನಪಿರಬೇಕು, ಆ ವರ್ಷ ಕಾರ್ತಿಕದಲ್ಲಿ ಆಷಾಢದ ಹಾಗೆ ಸುರಿಯಿತು. ರಾಗಿ ಕೊಯ್ದು ಹಾಕಿದ್ದವರ ತೆನೆ ಹೊಲದಲ್ಲೇ ಮೊಳಕೆ ಒಡೆಯಿತು. ಕೋಲಾರ, ತುಮಕೂರು ಕಡೆ ಎಷ್ಟೋ ವರ್ಷದಿಂದ ತುಂಬದ ಕೆರೆಗಳು ತುಂಬಿದವು. ಮಳೆ ನಿಂತ ಮೇಲೆ, ತಿಂಗಳ ಕೊನೆಯ ವಾರದಲ್ಲಿ, ನಮ್ಮ ಜಂಟಿ ಸ್ಥಳ ಪರಿಶೀಲನೆ ಇತ್ತು. ಆಯುಕ್ತರು, ತಹಶೀಲ್ದಾರರು, ಸರ್ವೆ ಇಲಾಖೆಯವರು, ನಮ್ಮ ಬಾಸ್, ನಾನು.

ಗಾಡಿಗಳು 2+600ರಲ್ಲಿ ನಿಂತವು. ಮುಂದೆ ಹೋಗಲು ದಾರಿ ಇರಲಿಲ್ಲ. ನಾನು ಇಳಿದು ಮೊದಲು ನೋಡಿದ್ದು ನಮ್ಮ ಪೆಗ್‌ಗಳನ್ನು. ಮರದ ಗೂಟಗಳ ತುದಿಗೆ ಕೆಂಪು ಬಣ್ಣ ಬಳಿದು ನಂಬರ್ ಬರೆದಿರುತ್ತಾರೆ. 2+700 ಕಂಡಿತು. 2+750ರ ಕೆಂಪು ತುದಿ ಮಾತ್ರ ನೀರಿನ ಮೇಲಿತ್ತು, ಅದರ ಸುತ್ತ ನೀರು ಸುಳಿ ತಿರುಗುತ್ತಿತ್ತು. ಅದರ ಮುಂದೆ ಯಾವುದೂ ಇಲ್ಲ. ಎಡಗಡೆ ಕೋಡಿಯ ಕಲ್ಲುಗಳ ಮೇಲಿಂದ ನೀರು ಒಂದೇ ಸಮ ಬೀಳುತ್ತಿತ್ತು. ಕೆಂಪು ನೀರು. ಪಕ್ಕದಲ್ಲಿ ನಿಂತವರ ಮಾತು ಕೇಳದಷ್ಟು ಸದ್ದು.

ಊರಿಗೆ ಊರೇ ಅಲ್ಲಿತ್ತು. ಹದಿನಾರು ವರ್ಷದ ಮೇಲೆ ಕೋಡಿ ಬಿದ್ದಿದೆ ಅಂತ ಹೆಂಗಸರು ಬಾಗಿನ ತಂದಿದ್ದರು. ಮೊರದಲ್ಲಿ ಅರಿಶಿನ, ಕುಂಕುಮ, ಬಳೆ, ಹಸಿರು ರವಿಕೆ ಕಣ. ಒಬ್ಬರು ಬಾಗಿನ ಬಿಟ್ಟು ಕೈಮುಗಿದು ಅಳುತ್ತಿದ್ದರು, ಸಂತೋಷಕ್ಕೆ. ಚೌಡಮ್ಮನ ಗುಡಿ ಮುಂದೆ ತಮಟೆ ಹೊಡೆಯುತ್ತಿದ್ದರು. ಚಿಕ್ಕ ಮಕ್ಕಳಿಗೆ ಕೋಡಿ ಬೀಳುವುದು ಅಂದರೆ ಏನು ಅಂತ ಆವತ್ತೇ ಗೊತ್ತಾಗಿದ್ದು. ಅವರ ಆ ಖುಷಿಯ ನಡುವೆ ನಾನು ಕಂಕುಳಲ್ಲಿ ಸುತ್ತಿದ ಡ್ರಾಯಿಂಗ್ ಇಟ್ಟುಕೊಂಡು ನಿಂತಿದ್ದೆ. ಆ ನೀರಿಗೆ ಅಡ್ಡ ನಾನು ಮಣ್ಣಿನ ದಿಬ್ಬ ಹಾಕಲು ಹೊರಟಿದ್ದೆ.

ಆಯುಕ್ತರು ಡ್ರಾಯಿಂಗ್ ಬಿಚ್ಚಲು ಹೇಳಿದರು. ಬೊಲೆರೊ ಬಾನೆಟ್ ಮೇಲೆ ಹರಡಿದೆವು. ಗಾಳಿಗೆ ಹಾಳೆ ಹಾರದಂತೆ ಸರ್ವೆಯರ್ ನಾಲ್ಕು ಮೂಲೆಗೆ ಕಲ್ಲು ಇಟ್ಟ.

"ಇಲ್ಲಿ ಏನು ಕೊಟ್ಟಿದ್ದೀರಿ?"

ನನ್ನ ಬಾಯಿ ಒಣಗಿತ್ತು. ಬಾಸ್ ಕಡೆ ನೋಡಿದೆ. ಅವರು ನೀರಿನ ಕಡೆ ನೋಡುತ್ತಿದ್ದರು.

"ಪೈಪ್ ಕಲ್ವರ್ಟ್ ಸರ್."

"ಎಷ್ಟು ಪೈಪು?"

"ಎರಡು."

ಅವರು ಬೈಯಲಿಲ್ಲ. ಹಾಳೆಯ ಮೇಲಿನ ಆ ಎರಡು ಪುಟ್ಟ ವೃತ್ತಗಳನ್ನು ನೋಡಿದರು, ತಲೆಯೆತ್ತಿ ಕೋಡಿಯನ್ನು ನೋಡಿದರು, ಮತ್ತೆ ಹಾಳೆ ನೋಡಿದರು. ತಹಶೀಲ್ದಾರರು ಕನ್ನಡಕ ತೆಗೆದು ಒರೆಸಿಕೊಂಡರು. ಯಾರೂ ಏನೂ ಮಾತಾಡಲಿಲ್ಲ. ನನಗೆ ಕೇಳಿಸುತ್ತಿದ್ದದ್ದು ನೀರಿನ ಸದ್ದು, ತಮಟೆ ಸದ್ದು. ಬೈದಿದ್ದರೆ ಎಷ್ಟೋ ಹಗುರ ಆಗುತ್ತಿತ್ತು.

ಅಷ್ಟರಲ್ಲಿ ಗುಂಪಿನಿಂದ ಒಬ್ಬರು ವಯಸ್ಸಾದವರು ಬಂದರು. ಪಂಚೆ ಎತ್ತಿ ಕಟ್ಟಿದ್ದರು, ಮೊಣಕಾಲವರೆಗೂ ಕೆಸರು. ಸರ್ವೆಯರ್ ನನ್ನ ಕಿವಿಯಲ್ಲಿ ಹೇಳಿದ: "ಮೇಡಂ, ಇವರೇ ಆ ಅಜ್ಜ."

"ಫೋನಲ್ಲಿ ಮಾತಾಡಿದ್ದು ನೀವೇ ಏನವ್ವಾ?" ಅಂದರು.

ಹೌದು ಅಜ್ಜ ಅಂದೆ. ಮಾತಾಡಿರಲಿಲ್ಲ, ಆದರೂ ಹೌದು ಅಂದೆ.

"ಈಗ ಗೇಣು ಮೇಲೆ ಐತೆ ಅಷ್ಟೇ. ಹೋದ ಸಲ ಎರಡಡಿ ಮೇಲೆ ಹೋಗಿತ್ತು. ಬನ್ನಿ, ತೋರಿಸ್ತೀನಿ."

ಗುಡಿಯ ಹತ್ತಿರ ಕರೆದುಕೊಂಡು ಹೋದರು. ನಾಲ್ಕು ಮೆಟ್ಟಿಲು. ಎರಡನೇ ಮೆಟ್ಟಿಲಿನ ಅಂಚಿಗೆ ಬೆರಳಿಟ್ಟರು. 2005ರಲ್ಲಿ ನೀರು ಅಲ್ಲಿವರೆಗೆ ಬಂದಿತ್ತು. ಆ ವರ್ಷ ಅಕ್ಟೋಬರ್ ಮಳೆಗೆ ಬೆಂಗಳೂರೂ ಮುಳುಗಿತ್ತು, ನಾನು ಆಗ ಕಾಲೇಜಿನಲ್ಲಿದ್ದೆ. ಸರ್ವೆಯರ್ ಸುಮ್ಮನೆ ಹೋಗಿ ಲೆವೆಲ್ ಯಂತ್ರ ತಂದು, ಎತ್ತರ ಗೊತ್ತಿರುವ ಗುರುತಿನಿಂದ (ಟಿಬಿಎಂ) ಆ ಮೆಟ್ಟಿಲಿನ ಎತ್ತರ ತೆಗೆದ. ನನ್ನ ಎಫ್‌ಆರ್‌ಎಲ್, ಅಂದರೆ ಕಟ್ಟಿ ಮುಗಿದ ರಸ್ತೆಯ ಮಟ್ಟ, ಅದಕ್ಕಿಂತ 35 ಸೆಂಟಿಮೀಟರ್ ಕೆಳಗಿತ್ತು. ಊರ ಗುಡಿ ಮೆಟ್ಟಿಲ ಮೇಲೆ ಎಚ್‌ಎಫ್‌ಎಲ್, ಅಂದರೆ ಅತಿ ಹೆಚ್ಚಿನ ಪ್ರವಾಹ ಮಟ್ಟ, ಇತ್ತು. ಕೇಳಿದರೆ ಯಾರಾದರೂ ತೋರಿಸುತ್ತಿದ್ದರು. ಸ್ಥಳೀಯರನ್ನು ಕೇಳಿ ಪ್ರವಾಹ ಮಟ್ಟ ಗುರುತಿಸಿ ಅಂತ ನಮ್ಮ ರಸ್ತೆ ಡಿಸೈನಿನ ನಿಯಮ ಪುಸ್ತಕಗಳಲ್ಲೇ ಇದೆ. ನನ್ನ ರಿಪೋರ್ಟಿನಲ್ಲಿ ಆ ಕಾಲಂ ಇತ್ತು. ಅದರಲ್ಲಿ "ಪ್ರವಾಹದ ಮಾಹಿತಿ ಇಲ್ಲ" ಅಂತ ನಾನೇ ಬರೆದಿದ್ದೆ.

ಆ ರಾತ್ರಿ ಲಾಡ್ಜ್‌ನಲ್ಲಿ ಲೆಕ್ಕ ಹಾಕಿದೆ. ಕೋಡಿ 60 ಮೀಟರ್ ಉದ್ದ. ಅಜ್ಜ ಹೇಳಿದ ಎರಡಡಿ, ಅಂದರೆ 0.6 ಮೀಟರ್ ನೀರು ಮೇಲೆ ಹೋದರೆ ಕಟ್ಟೆ ಮೇಲಿಂದ ಬೀಳುವ ನೀರಿನ ಸೂತ್ರದ (ವಿಯರ್) ಪ್ರಕಾರ ಸುಮಾರು 47 ಕ್ಯುಮೆಕ್ಸ್, ಅಂದರೆ ಸೆಕೆಂಡಿಗೆ 47 ಘನ ಮೀಟರ್. ನಾನು ಕೊಟ್ಟ ಎರಡು ಪೈಪಿನಲ್ಲಿ ಹಿಡಿಸುವುದು ನಾಲ್ಕೂವರೆ. ಹತ್ತರಲ್ಲಿ ಒಂದು ಪಾಲು. ಆವತ್ತು ಬೆಳಗ್ಗೆ ನೋಡಿದ ಗೇಣು ನೀರೇ ಪೈಪಿನ ಶಕ್ತಿಯ ಎರಡರಷ್ಟಿತ್ತು. ರಸ್ತೆ ಕಟ್ಟಿಯಾಗಿದ್ದರೆ ನೀರು ದಿಬ್ಬಕ್ಕೆ ಬಡಿದು ಹಿಂದೆ ನಿಲ್ಲುತ್ತಿತ್ತು. ಹಿಂದೆ ಇರುವುದು ಏರಿಯ ಬುಡ. ಎರಡು ಕಡೆಯಿಂದಲೂ ನೆಂದ ಏರಿ ಎಷ್ಟು ಹೊತ್ತು ನಿಂತೀತು? ಏರಿ ಕೆಳಗೆ ಮೂವತ್ತು ನಲವತ್ತು ಮನೆಗಳಿವೆ. ಆ ರಾತ್ರಿ ನಿದ್ದೆ ಬರಲಿಲ್ಲ.

"ಸೇತುವೆ ದೊಡ್ಡದು ಮಾಡಿ ಮುಗಿಸಮ್ಮ" ಅಂದರು ಬಾಸ್, ಮರುದಿನ ವಾಪಸ್ ಬರುವಾಗ. ಒಪ್ಪಿಗೆ ಆದ ಅಲೈನ್‌ಮೆಂಟ್ ಬದಲಿಸಿದರೆ ಟೋಪೋ ಮತ್ತೆ ನಮ್ಮ ಖರ್ಚು. ಅವರ ಕಷ್ಟ ನನಗೆ ಗೊತ್ತಿತ್ತು. ಅದನ್ನೂ ಪ್ರಾಮಾಣಿಕವಾಗಿ ಪ್ರಯತ್ನಿಸಿದೆ. 20 ಮೀಟರಿನ ಮೂರು ಸ್ಪ್ಯಾನ್ ಹಾಕಿದೆ, ರಸ್ತೆ ಎತ್ತರಿಸಿದೆ. ಎತ್ತರಿಸಿದ ಕೂಡಲೇ ದಿಬ್ಬದ ಬುಡ ಅಗಲ ಆಗಿ ತೂಬಿನ ಎರಡು ಕಾಲುವೆಗಳ ಮೇಲೆ ಕೂತಿತು. ಕಾಲುವೆ ಬದಲಿಸಲು ಹೋದರೆ ಅಚ್ಚುಕಟ್ಟಿನ ಗದ್ದೆ ಹೋಗುತ್ತದೆ. ಏರಿ ಕೆಳಗಿನ ಮಣ್ಣು ವರ್ಷವಿಡೀ ಜೌಗು, ಅದನ್ನು ತೆಗೆದು ಬೇರೆ ಮಣ್ಣು ತುಂಬಬೇಕು. ಆಪ್ಶನ್ 2ರಲ್ಲಿ ಉಳಿಸಿದ್ದ ದುಡ್ಡೆಲ್ಲ ಆ ಒಂದು ಕಿಲೋಮೀಟರ್‌ನಲ್ಲೇ ಹೋಯಿತು. ಆ ಹಾಳೆಗಳನ್ನು ಬಾಸ್ ಮುಂದೆ ಇಟ್ಟೆ. ಅವರು ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಆಪ್ಶನ್ 3 ಟೋಪೋಗೆ ಸಹಿ ಹಾಕಿದರು. ಅದನ್ನು ನಾನು ಮರೆಯುವುದಿಲ್ಲ.

ಈ ಸಲ ನಡೆದೆ. 7.3 ಕಿಲೋಮೀಟರ್, ಎರಡು ದಿನ. ಮೊದಲ ದಿನ ಅಜ್ಜನೂ ಬಂದರು. ಗ್ರಾಮ ನಕ್ಷೆ ಕೈಯಲ್ಲಿತ್ತು. ದಿಣ್ಣೆ ಮೇಲೆ ಹೋಗುವಾಗ ಗಮನಿಸಿದೆ, ನಕ್ಷೆಯಲ್ಲಿ ಹಳೇ ಗಾಡಿ ಜಾಡಿನ ಚುಕ್ಕೆ ಗೆರೆ ಇದ್ದದ್ದು ಇದೇ ದಿಣ್ಣೆಯ ನೆತ್ತಿಯ ಮೇಲೆ. ಈ ಕಡೆ ಬಿದ್ದ ಮಳೆ ಈ ಕೆರೆಗೆ, ಆ ಕಡೆ ಬಿದ್ದದ್ದು ಪಕ್ಕದೂರ ಕೆರೆಗೆ. ನೆತ್ತಿಯ ಮೇಲೆ ಹೋದರೆ ದಾಟಬೇಕಾದ ಹಳ್ಳವೇ ಇಲ್ಲ. ಎತ್ತಿನಗಾಡಿಯವರು ಮಳೆಗಾಲದಲ್ಲಿ ಚಕ್ರ ಹೂತುಹೋಗದ ದಾರಿಯನ್ನು ತುಳಿದು ತುಳಿದು ಕಂಡುಕೊಂಡಿದ್ದರು. ನಾನು ಅದನ್ನು ನಕ್ಷೆಯಲ್ಲಿ ನೋಡಿದ್ದೆ, ಬರೀ ಒತ್ತುವರಿ ಆದ ಹಳೇ ದಾರಿ ಅಂತ ಬಿಟ್ಟಿದ್ದೆ. ಈಗ ಯಾವ ಊರಿನ ಕೆಲಸ ಬಂದರೂ ಮೊದಲು ಗಾಡಿ ಜಾಡು ಎಲ್ಲಿದೆ ಅಂತ ಹುಡುಕುತ್ತೇನೆ. ಆಮೇಲೆ ನೀರುಗಂಟಿ ಇದ್ದಾರಾ ಅಂತ ಕೇಳುತ್ತೇನೆ. ಎಷ್ಟೋ ಊರಲ್ಲಿ ಈಗ ಆ ಕೆಲಸ ಮಾಡುವವರಿಲ್ಲ. ಅವರ ಮಕ್ಕಳಿಗಾದರೂ ಕೋಡಿ ಎಲ್ಲಿ ಬೀಳುತ್ತದೆ ಅಂತ ಗೊತ್ತಿರುತ್ತದೆ.

ಮರು ವರ್ಷವೂ ಆ ಕೆರೆ ಕೋಡಿ ಬಿತ್ತು. 2022ರ ಆಗಸ್ಟ್ ಕೊನೆಯಲ್ಲಿ ರಾಮನಗರದ ಹತ್ತಿರ ಬೆಂಗಳೂರು–ಮೈಸೂರು ಹೆದ್ದಾರಿ ನೀರಲ್ಲಿ ನಿಂತ ವಿಡಿಯೋ ಎಲ್ಲರೂ ನೋಡಿದ್ದೀರಿ. ಆ ದಿನ ನಮ್ಮ ಆಫೀಸಿನಲ್ಲಿ ಎಲ್ಲರೂ ಮೊಬೈಲ್ ಸುತ್ತ ನಿಂತಿದ್ದರು. ನನಗೆ ನೋಡಲು ಆಗಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಸಮಾಧಾನದಿಂದ ಬರೆಯುತ್ತಿದ್ದೆ. ಇನ್ನೂ ಚುಚ್ಚುವ ವಿಷಯ ಬೇರೆ ಇದೆ.

ನಡೆದ ಎರಡನೇ ದಿನ, 2022ರ ಫೆಬ್ರವರಿ, 5+400ರ ಹತ್ತಿರ ಒಂದು ತೆಂಗಿನ ತೋಟಕ್ಕೆ ಬಂದೆವು. ಒಂದೂವರೆ ಎಕರೆ. ನೋಡಿಕೊಳ್ಳುವವರು ಒಬ್ಬ ಹೆಂಗಸು, ಗಂಡ ತೀರಿಕೊಂಡು ನಾಲ್ಕು ವರ್ಷ ಆಗಿತ್ತು. ನಾವು ಟೇಪ್ ಹಿಡಿದದ್ದು ನೋಡಿ ಮನೆಯಿಂದ ಬಂದರು. ನೀರು ತಂದು ಕೊಟ್ಟರು. ಆಮೇಲೆ ಕೇಳಿದರು.

"ರೋಡು ಕೆರೆ ಕಡೆ ಹೋಯ್ತದೆ ಅಂತ ಪೇಪರಲ್ಲಿ ಬಂದಿತ್ತಲ್ಲಮ್ಮ. ಈಗ ಇತ್ಲಾಗೆ ಯಾಕ್ ಬಂದ್ರಿ?"

ಯಾಕೆ ಅಂತ ಹೇಳಿದೆ. ಕೋಡಿ, ನೀರು, ನನ್ನ ತಪ್ಪು ಲೆಕ್ಕ, ಎಲ್ಲ. ಅವರು ಪೂರ್ತಿ ಕೇಳಿಸಿಕೊಂಡರು. ಕೋಡಿ ಕಡೆ ರೋಡ್ ಬೇಡ ಅನ್ನುವುದು ಅವರಿಗೂ ಸರಿ ಅನ್ನಿಸಿತು. ಆಮೇಲೆ ತೋಟದ ಮೂಲೆಗೆ ಕೈ ತೋರಿಸಿದರು. ಹೊಸ ಬೋರ್‌ವೆಲ್. ಕೇಸಿಂಗ್ ಪೈಪಿನ ನೀಲಿ ಬಣ್ಣ ಇನ್ನೂ ಹಾಗೇ ಇತ್ತು, ಸುತ್ತ ಕೊರೆದ ಕಲ್ಲಿನ ಬೂದು ಪುಡಿ. ಪೇಪರಿನಲ್ಲಿ ನನ್ನ ನಕ್ಷೆ ನೋಡಿ, ನಮ್ಮ ಜಮೀನು ಉಳಿಯಿತು ಅಂತ ಧೈರ್ಯ ಮಾಡಿ, ಸಂಘದಲ್ಲಿ ಸಾಲ ತೆಗೆದು ಕೊರೆಸಿದ್ದರು. ಎರಡೂವರೆ ಇಂಚು ನೀರು ಸಿಕ್ಕಿತ್ತು. ನನ್ನ ಹೊಸ ಗೆರೆಯ ಸೆಂಟರ್‌ಲೈನ್ ಅದರಿಂದ ನಾಲ್ಕು ಮೀಟರ್ ಆಚೆ ಹೋಗುತ್ತಿತ್ತು. ಅಂದರೆ ಬೋರ್ ರಸ್ತೆಯ ಒಳಗೆ.

ಬೆಂಗಳೂರಿನ ಪೆರಿಫೆರಲ್ ರಿಂಗ್ ರೋಡ್ ರೈತರ ವಿಷಯ ಓದಿದ್ದೆ. 2005ರಲ್ಲಿ ಪ್ರಾಥಮಿಕ ಅಧಿಸೂಚನೆ, 2007ರಲ್ಲಿ ಅಂತಿಮ ಅಧಿಸೂಚನೆ. ಆಮೇಲೆ ವರ್ಷಗಟ್ಟಲೆ ಮಾರಲೂ ಆಗದೆ, ಕಟ್ಟಲೂ ಆಗದೆ ಕೂತವರು. ಕಾಗದದ ಮೇಲಿನ ಒಂದು ಗೆರೆ ಜನರ ಬದುಕನ್ನು ಹೇಗೆ ಹಿಡಿದು ನಿಲ್ಲಿಸುತ್ತದೆ ಅಂತ ಅಲ್ಲಿ ಓದಿದ್ದೆ. ಇಲ್ಲಿ ನನ್ನ ಗೆರೆ ಒಬ್ಬರಿಗೆ ಸುಳ್ಳು ಭರವಸೆ ಕೊಟ್ಟಿತ್ತು. ಬೋರ್‌ಗೂ ಪರಿಹಾರ ಬರುತ್ತದೆ ಅಂತ ತಹಶೀಲ್ದಾರ್ ಕಚೇರಿಯವರು ಹೇಳಿದರು. ಬರುತ್ತದೆ, ನಿಜ. ಯಾವಾಗ ಅಂತ ಯಾರೂ ಹೇಳಲಿಲ್ಲ. ಸಂಘದ ಕಂತು ತಿಂಗಳು ತಿಂಗಳು ಕಟ್ಟಬೇಕು.

ಆಫೀಸಿಗೆ ಬಂದು ಆ ತೋಟದ ಹತ್ತಿರದ ಕರ್ವ್ ಮೇಲೆ ಮೂರು ದಿನ ಕೂತೆ. 200 ಮೀಟರ್ ರೇಡಿಯಸ್ ಇಟ್ಟಿದ್ದೆ. 60 ಕಿಲೋಮೀಟರ್ ವೇಗಕ್ಕೆ, ಶೇಕಡಾ 4 ಸೂಪರ್ ಎಲಿವೇಷನ್‌ಗೆ (ತಿರುವಿನಲ್ಲಿ ರಸ್ತೆಯ ಹೊರ ಅಂಚು ಎತ್ತರಿಸುವುದು) ಸುಮಾರು 150 ಬೇಕೇ ಬೇಕು, ಅದಕ್ಕಿಂತ ಕೆಳಗೆ ಇಳಿಯುವ ಹಾಗಿಲ್ಲ. 155ಕ್ಕೆ ತಂದೆ. ಆಚೆ ಕಡೆ ಒಂದು 66 ಕೆವಿ ಟವರ್ ಇತ್ತು, ಅದಕ್ಕೆ ತಾಗದಂತೆ ಗೆರೆ ಸರಿಸಿದೆ. ಬೋರ್ ರಸ್ತೆ ಅಂಚಿನಿಂದ ಮೂರು ಮೀಟರ್ ಹೊರಗೆ ಉಳಿಯಿತು.

ಬೋರ್ ಉಳಿಯಿತು, ತೋಟ ಉಳಿಯಲಿಲ್ಲ. ಇಪ್ಪತ್ತಮೂರು ತೆಂಗಿನ ಮರ ಗೆರೆಯ ಒಳಗೆ ಬಂದವು. ಅವನ್ನು ತಪ್ಪಿಸಲು ಜಾಗ ಇರಲಿಲ್ಲ. ಜಂಟಿ ಅಳತೆಯ ದಿನ ಮರಗಳಿಗೆ ನಂಬರ್ ಬರೆಯುವಾಗ ನಾನೂ ಹೋಗಿದ್ದೆ, ನನ್ನ ಕೆಲಸ ಅಲ್ಲದಿದ್ದರೂ. ಅವರು ಒಂದೊಂದು ಮರ ಯಾವಾಗ ನೆಟ್ಟಿದ್ದು ಅಂತ ಹೇಳುತ್ತಾ ನಮ್ಮ ಜೊತೆ ಬಂದರು. ಹದಿನೇಳನೆಯದು ಮಗಳು ಹುಟ್ಟಿದ ವರ್ಷದ್ದು. ಸರ್ವೆಯರ್ ಆ ಮರದ ಮೇಲೆ ನಂಬರನ್ನು ಚಿಕ್ಕದಾಗಿ ಬರೆದ.